ಡಾಕ್ಟರಿಂದ ಮುಚ್ಚಿಟ್ಟ ಐದು ಕ್ಯಾಪ್ಸೂಲ್

ತೇಡೆ ಮೀನನ್ನು ಗಂಡಸರು ಶುಚಿ ಮಾಡಬಾರದೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಆ ಧೈರ್ಯದ ಮೇಲೆ ಒಂದು ಭಾನುವಾರ ಕುಲಶೇಖರದ ನಮ್ಮ ಮನೆಯ ಹಿಂಬದಿಯಲ್ಲಿ ಕತ್ತಿ ಹಿಡಿದು ಕೂತೆ. ಮೀನು ಸತ್ತಿತ್ತು, ಅದರ ಮುಳ್ಳು ಸತ್ತಿರಲಿಲ್ಲ. ಬಲಗೈಯ ನಡುಬೆರಳಿಗೆ ಆಳವಾಗಿ ಚುಚ್ಚಿತು. ಅರಶಿನ ಮೆತ್ತಿಕೊಂಡು, ಅದೇ ಮೀನಿನ ಸಾರಿನಲ್ಲಿ ಊಟ ಮಾಡಿ ಸೇಡು ತೀರಿಸಿಕೊಂಡೆ.

ಮರುದಿನ ಬೆರಳು ಊದಿತು. ದುಬೈಯಲ್ಲಿರುವ ಭಾವ, ಎಂದರೆ ಹೆಂಡತಿಯ ಅಣ್ಣ, ರಜೆಯಲ್ಲಿ ಬಂದಾಗ ತನ್ನ ಹಲ್ಲುನೋವಿಗೆಂದು ತಂದು ಬಿಟ್ಟುಹೋದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಐದು ಮನೆಯಲ್ಲಿದ್ದವು. ವಿಮಾನ ಹತ್ತಿ ಬಂದ ಮದ್ದಿಗೆ ಇಲ್ಲಿಯ ಮೆಡಿಕಲ್‌ನ ಮದ್ದಿಗಿಂತ ಗುಣ ಜಾಸ್ತಿ ಎಂಬುದು ನಮ್ಮ ಕುಟುಂಬದ ನಂಬಿಕೆ. ಎರಡು ದಿನದಲ್ಲಿ ಐದನ್ನೂ ನುಂಗಿದೆ, ಹೆಂಡತಿಗೆ ತಿಳಿಯದಂತೆ. ತಿಳಿಸುವ ಹಾಗೂ ಇರಲಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ನುಂಗುವವರ ಕುರಿತು ನೆರೆಕರೆಗೆಲ್ಲ ಉಪನ್ಯಾಸ ಕೊಡುವವನು ನಾನೇ.

ಮೂರನೆಯ ದಿನ ಚಳಿಜ್ವರ. ಕೆಂಪು ಅಂಗೈಗೆ ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಂಪು ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದರು.

"ಇದಕ್ಕೆ ಮೊದಲೇ ಯಾವುದಾದರೂ ಆಂಟಿಬಯೋಟಿಕ್ ತಗೊಂಡಿದ್ದೀರಾ?"

"ಇವರಾ? ತಲೆನೋವಿಗೂ ಮಾತ್ರೆ ಮುಟ್ಟುವವರಲ್ಲ ಡಾಕ್ಟ್ರೇ," ಎಂದಳು ಪಕ್ಕದಲ್ಲಿದ್ದ ಹೆಂಡತಿ. ನಾನು ಘನತೆಯಿಂದ ತಲೆಯಾಡಿಸಿದೆ.

"ಸರಿ. ಇನ್ನು ಬಾಯಿಗೆ ಮಾತ್ರೆ ಕೊಟ್ಟು ಕಾಯುವಷ್ಟು ಪುರುಸೊತ್ತಿಲ್ಲ. ಇಂಜೆಕ್ಷನ್ ಆದರೆ ನೇರ ರಕ್ತಕ್ಕೆ ಹೋಗ್ತದೆ. ಯಾವ ಕ್ರಿಮಿ ಅಂತ ಗೊತ್ತಾಗ್ಲಿಕ್ಕೆ ಎರಡು ದಿನ ಬೇಕು."

ಅಡ್ಮಿಟ್ ಮಾಡಿಕೊಂಡು ಎಡಗೈಯ ನರಕ್ಕೆ ನಳಿಗೆ ಸಿಕ್ಕಿಸಿದರು. ಎಂಟು ಗಂಟೆಗೊಮ್ಮೆ ಸಿಸ್ಟರ್ ಬಂದು ಮದ್ದು ಬಿಡುವಾಗ ತಣ್ಣನೆಯದೊಂದು ತೋಳಿನೊಳಗೆ ಹತ್ತುವುದು ತಿಳಿಯುತ್ತಿತ್ತು. ಉಳಿದ ಹೊತ್ತು ಕೂರಲೂ ಆಗದು, ಮಲಗಲೂ ಆಗದು. ಲಿಫ್ಟಿನಿಂದ ಕಿಟಕಿಗೆ, ಕಿಟಕಿಯಿಂದ ಲಿಫ್ಟಿಗೆ ನಡೆದೆ. ಪ್ರತಿ ಸುತ್ತಿಗೂ ಗೆರೆ ನೋಡಿದೆ. ಐದು ಕ್ಯಾಪ್ಸೂಲಿನ ಮಾತು ನಾಲಗೆಯವರೆಗೆ ಬಂದು ವಾಪಸ್ಸು ಹೋಗುತ್ತಿತ್ತು.

"ಅಂಕಲ್, ನೀವು ನೋಡಿದ್ರೆ ಅದು ಹೆದರಿ ಇಳಿಯುವುದಿಲ್ಲ, ಹೋಗಿ ಮಲಗಿ," ಎಂದಳು ಸಿಸ್ಟರ್.

ಹೆದರಲಿಲ್ಲ. ಆಸ್ಪತ್ರೆ ಸೇರಿದ ಎರಡನೆಯ ದಿನ ಕೆಂಪು ಗೆರೆ ದಾಟಿ ಮಣಿಕಟ್ಟಿಗೆ ಬಂತು. ರಿಪೋರ್ಟೂ ಬಂತು: ಕೀವಿನಲ್ಲಿ ಯಾವ ಕ್ರಿಮಿಯೂ ಬೆಳೆದಿಲ್ಲ.

"ಇಷ್ಟು ಕೀವು ಉಂಟು, ಕ್ರಿಮಿ ಇಲ್ಲ ಅಂದ್ರೆ ಎಂತ?" ಡಾಕ್ಟರಮ್ಮ ಕಾಗದ ತಿರುಗಿಸಿ ನೋಡಿದರು. "ನಾಳೆ ಬೆಳಿಗ್ಗೆ ಸರ್ಜನ್ ಕೊಯ್ದು ತೊಳೀತಾರೆ. ಬೆರಳು ಉಳೀತದಾ ಅಂತ ಈಗ ಹೇಳ್ಲಿಕ್ಕೆ ಆಗುವುದಿಲ್ಲ."

ಬೆರಳೋ ಮರ್ಯಾದೆಯೋ ಎಂದು ತೂಗಿ ನೋಡಲು ನನಗೆ ನಾಚಿಕೆಯಾಗುವಷ್ಟು ಹೊತ್ತು ಹಿಡಿಯಿತು.

"ಡಾಕ್ಟ್ರೇ, ಐದು ಕ್ಯಾಪ್ಸೂಲ್."

"ಎಂತ ಐದು?"

"ದುಬೈಯದ್ದು."

ಹೆಂಡತಿ ನನ್ನನ್ನು ನೋಡಿದಳು. "ಆಚೆಮನೆಯ ಅಕ್ಕನಿಗೆ ಅರ್ಧ ಗಂಟೆ ಬುದ್ಧಿ ಹೇಳಿದ್ದು ಯಾರು ಮಾರಾಯ್ರೇ?" ಎನ್ನುತ್ತಲೇ ಅಣ್ಣನಿಗೆ ಫೋನ್ ಮಾಡಿ ಮದ್ದಿನ ಹೆಸರು ಕೇಳಿ ಹೇಳಿದಳು.

ಡಾಕ್ಟರಮ್ಮ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮೆಲ್ಲಗೆ ಮಾತಾಡಿದರು. "ಅರ್ಧಂಬರ್ಧ ಮಾತ್ರೆ ತಿಂದದ್ದಕ್ಕೇ ಪರೀಕ್ಷೆಯಲ್ಲಿ ಕ್ರಿಮಿ ಸಿಕ್ಕದೆ ಇರಬಹುದು. ಒಳಗೆ ಮಾತ್ರ ಉಂಟು. ನಾನು ಕೊಡ್ತಾ ಇರುವ ಇಂಜೆಕ್ಷನ್ ಕೂಡ ಅದೇ ಜಾತಿಯದ್ದು. ಅದಕ್ಕೆ ಬಗ್ಗದ್ದು ಇದಕ್ಕೆ ಬಗ್ತದಾ?"

ಆ ಸಂಜೆಯೇ ಇಂಜೆಕ್ಷನ್ ಬದಲಾಯಿತು. ಬೆಳಿಗ್ಗೆ ಬೆರಳು ಕೊಯ್ದು ತೊಳೆದು, ಆಳದಿಂದ ಚೂರು ತೆಗೆದು ಮತ್ತೆ ಪರೀಕ್ಷೆಗೆ ಕಳಿಸಿದರು. ಈ ಸಲ ಕ್ರಿಮಿ ಸಿಕ್ಕಿತು. ಹೊಸ ಮದ್ದಿಗೆ ಬಗ್ಗುವ ಜಾತಿ ಎಂದೂ ತಿಳಿಯಿತು. ಜ್ವರ ಬಿಟ್ಟಿತು.

ಐದನೆಯ ದಿನ ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ, "ಮಡಚಿ ನೋಡುವ," ಎಂದರು. ನೋವಿಗೆ ಕಣ್ಣಲ್ಲಿ ನೀರು ಬಂತು; ಬೆರಳು ಅರ್ಧ ಮಡಚಿತು. "ಸಾಕು, ಉಳೀತು. ಇಂಜೆಕ್ಷನ್ ಇನ್ನೂ ಐದು ದಿನ."

ಜ್ವರ ಬಿಟ್ಟಿತಲ್ಲ, ಇನ್ನು ಮನೆಯಲ್ಲೇ ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳಲು ಬಾಯಿ ತೆರೆದೆ. ಹೆಂಡತಿ ಕೆಮ್ಮಿದಳು. ನಾನು ಸಿಸ್ಟರ್ ಕಡೆಗೆ ಎಡಗೈ ಚಾಚಿದೆ.