ದೊರೆಗೆ ಕೊಟ್ಟ ದ್ರಾಕ್ಷಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಹಾಗಾಗಿ ಅದರ ಬಾಗಿಲಿಗೆ ಅಂಟಿಸಿದ ಪಟ್ಟಿಯೂ ಇರಲಿಲ್ಲ. ಹೋದ ತಿಂಗಳು ನಾಯಿ ಡಾಕ್ಟರ್ ಕೊಟ್ಟ ಪಟ್ಟಿಯನ್ನು ನೀವು ಎರಡು ಮ್ಯಾಗ್ನೆಟ್ ಇಟ್ಟು ಅಲ್ಲಿ ನಿಲ್ಲಿಸಿದ್ದೀರಲ್ಲ, ನಾಯಿಗೆ ತಿನ್ನಿಸಬಾರದ ಪದಾರ್ಥಗಳದ್ದು: ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಚ್ಯೂಯಿಂಗ್ ಗಮ್, ದ್ರಾಕ್ಷಿ, ಒಣದ್ರಾಕ್ಷಿ. ಹಾಲು ತೆಗೆಯಲು ಹೋದಾಗಲೆಲ್ಲ ನಾನು ಅದರ ಮುಂದೆ ಒಂದು ನಿಮಿಷ ನಿಂತುಬಿಡುತ್ತೇನೆ. 'ಏನಜ್ಜಿ, ಏನಕ್ಕೆ ಬಂದೆ ಅಂತ ಮರ್ತ್ಹೋಯ್ತಾ?' ಎಂದು ನೀವು ನಗುತ್ತೀರಿ. ಮರೆತಿಲ್ಲ ಮಕ್ಕಳೇ. ನಮ್ಮ ದೊರೆ ನೆನಪಾಗುತ್ತಾನೆ.

ದೊರೆ ನಮ್ಮ ತೋಟ ಕಾಯುವ ನಾಯಿ. ಮೈಯೆಲ್ಲ ಕಂದು, ನಾಲ್ಕು ಪಾದ ಮಾತ್ರ ಬಿಳಿ, ಸಾಕ್ಸ್ ಹಾಕಿಕೊಂಡ ಬಿಳಿ ದೊರೆಯ ಹಾಗೆ. ಆಗ ಚಿಕ್ಕಜಾಲದ ಸುತ್ತ ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ. ಕಲ್ಲುಕಂಬದ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ, ಅದರ ಕೆಳಗೆ ತಂಪಾದ ಹಸಿರು ಬೆಳಕು. ನೀಲಿ ದ್ರಾಕ್ಷಿ ಹಣ್ಣಾದಾಗ ಅದರ ಘಮ ಬಸ್ಸಿನೊಳಗೂ ಬರುತ್ತಿತ್ತು. ಸಿಪ್ಪೆ ಹುಳಿ; ಒಳಗಿನ ತಿರುಳು ಪುಳಕ್ಕನೆ ಜಾರುವಾಗ ಮಾತ್ರ ಸಿಹಿ. ತಿಂದರೆ ನಾಲಿಗೆ ನೇರಳೆಯಾಗುತ್ತಿತ್ತು, ಕದ್ದು ತಿಂದದ್ದು ಯಾರಿಗೂ ಹೇಳಬೇಕಾಗಿರಲಿಲ್ಲ.

ಬಳ್ಳಿಗೆ ಔಷಧಿ ಹೊಡೆಯಲು ಒಬ್ಬ ಮಾಮ ಬರುತ್ತಿದ್ದರು. ನೆಂಟರಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಮೈಲುತುತ್ತವೆಂಬ ನೀಲಿ ವಿಷಕ್ಕೆ ಸುಣ್ಣ ಕಲಸಿ ಕಲಸಿ ಅವರ ಉಗುರೆಲ್ಲ ನೀಲಿ. ನಾನು ಕಾನ್ವೆಂಟಿಗೆ ಹೋಗುತ್ತೇನೆಂದು ರೇಗಿಸುವುದೇ ಅವರ ಕೆಲಸ.

"ಏನವ್ವಾ ಇಂಗ್ಲೀಷಮ್ಮ, ದ್ರಾಕ್ಷಿಗೆ ನಿಮ್ ಸ್ಕೂಲ್ನಾಗೆ ಏನಂತಾರೆ?"

"ಗ್ರೇಪ್ಸ್, ಮಾಮ."

"ಅಂಗಾರೆ ನಮ್ದು ಗ್ರೇಪ್ಸ್ ಅಲ್ಲ ಬುಡು. ಇಷ್ಟು ಉಳಿ ಇದ್ರೆ ಇಂಗ್ಲೀಷ್ನೋರು ತಿಂತಾರಾ?"

ಅಂದು ಕೊಯ್ಲಿನ ಮೊದಲ ದಿನ. ಮೊದಲು ಕೊಯ್ದ ಗೊಂಚಲುಗಳನ್ನು ಮೊರದಲ್ಲಿಟ್ಟು, ತೋಟದ ಮೂಲೆಯ ಬೇವಿನ ಮರದಡಿ ಇದ್ದ ಮುನೇಶ್ವರನಿಗೆ ಪೂಜೆ ಮಾಡಬೇಕು. ಅಲ್ಲಿಯವರೆಗೆ ಯಾರೂ ಒಂದು ಹಣ್ಣನ್ನೂ ಬಾಯಿಗಿಡುವ ಹಾಗಿಲ್ಲ. ಅಪ್ಪ ಹೂವು, ಕಾಯಿ ತರಲು ಮನೆಗೆ ಹೋಗಿದ್ದರು. ಮೊರ ಪಂಪಿನ ಮನೆಯ ನೆರಳಲ್ಲಿತ್ತು. ಅದರ ಪಕ್ಕ ನಾನು, ನನ್ನ ಪಕ್ಕ ದೊರೆ.

ಆ ವಾರವಷ್ಟೇ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಶೇರಿಂಗ್ ಬಗ್ಗೆ ಪಾಠ ಮಾಡಿದ್ದರು. ನನಗೆ ಥಟ್ಟನೆ ಅನ್ನಿಸಿತು: ಮೂರು ತಿಂಗಳು ಅಳಿಲು, ಬಾವಲಿ, ಕಳ್ಳರನ್ನೆಲ್ಲ ಓಡಿಸಿದವನು ದೊರೆ. ಮುನೇಶ್ವರನಿಗೆ ಒಂದು ಮೊರ, ದೊರೆಗೆ ಏನೂ ಇಲ್ಲ. ದಿಸ್ ಈಸ್ ನಾಟ್ ಫೇರ್! ಮೊರದಿಂದ ಎರಡು ದೊಡ್ಡ ಗೊಂಚಲು ಎತ್ತಿಕೊಂಡೆ. ಕೂರಲು ಪಕ್ಕದಲ್ಲಿದ್ದ ಮಾಮನ ಔಷಧಿಯ ಡ್ರಮ್ಮೇ ತಕ್ಕ ಎತ್ತರದ್ದು. ಅದನ್ನು ಒಂದು ಹಲಗೆಯಿಂದ ಮುಚ್ಚಿ, ಮೇಲೆ ಕಲ್ಲಿಟ್ಟಿದ್ದರು. ಕಲ್ಲನ್ನು ಕೆಳಗಿಳಿಸಿ ಹಲಗೆಯ ಮೇಲೆ ಕೂತೆ. ಒಂದೊಂದೇ ಹಣ್ಣು ಎಸೆದೆ, ದೊರೆ ಗಾಳಿಯಲ್ಲೇ ಹಿಡಿದ. ಗಬಕ್, ಗಬಕ್. ಬಾಲ ಆಡಿಸುತ್ತಾ ಎರಡೂ ಗೊಂಚಲು ಮುಗಿಸಿದ. ಅಷ್ಟರಲ್ಲಿ ಅಪ್ಪನ ದನಿ ಕೇಳಿತು. ಧುಮುಕಿ ಓಡಿದೆ, ದೊರೆಯೂ ಜೊತೆಗೇ ಓಡಿಬಂದ. ಹಿಂದೆ ಹಲಗೆ ಸರಿದ ಸದ್ದಾಯಿತು. ತಿರುಗಿ ನೋಡಲಿಲ್ಲ.

ಪೂಜೆ ಆಯಿತು. ಆಮೇಲೂ ದೊರೆ ನನ್ನ ಪಕ್ಕ ಬಿಟ್ಟು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೊರೆ ವಾಂತಿ ಮಾಡತೊಡಗಿದ. ಒಮ್ಮೆ, ಎರಡು ಸಲ, ಆಮೇಲೆ ನಿಲ್ಲಲೇ ಇಲ್ಲ. ನೆಲದ ಮೇಲೆ ಬಿದ್ದದ್ದು ನೀಲಿ ನೀಲಿ. ಅಪ್ಪ ಅದನ್ನು ನೋಡಿದರು, ಬಾಯಿ ತೆರೆದ ಡ್ರಮ್ಮನ್ನು ನೋಡಿದರು, ಮಾಮನನ್ನು ನೋಡಿದರು.

"ಡ್ರಮ್ಮು ತೆರೆದಿಟ್ಟೋನು ಯಾರ್ಲಾ?"

"ಮುಚ್ಚಿ ಮ್ಯಾಲೆ ಕಲ್ಲಿಟ್ಟಿದ್ದೆ ಅಣ್ಣಾ. ಮುನೇಸ್ವರನ ಆಣೆ."

"ಮತ್ತೆ ಆ ಕಲ್ಲಿಗೆ ಕಾಲ್ ಬಂತಾ? ಮೂಗುಪ್ರಾಣಿ ಕಣೋ ಅದು! ನಾಳೆಯಿಂದ ಈ ಕಡೆ ತಲೆ ಆಕ್ಬೇಡ, ಓಗು."

ಮಾಮ ಇನ್ನೇನೋ ಹೇಳಲು ಹೊರಟು ನನ್ನ ಕಡೆ ನೋಡಿದರು, ನಾನು ಅಲ್ಲೇ ಆಡುತ್ತಿದ್ದುದು ಅವರಿಗೆ ಗೊತ್ತಿತ್ತು. ನಾನು ಕಂಬದ ಹಿಂದೆ ಸರಿದೆ. ದೊರೆ ಡ್ರಮ್ಮಿಗೆ ಬಾಯಿ ಹಾಕಲೇ ಇಲ್ಲವೆಂದು ತಿಳಿದಿದ್ದವಳು ನಾನೊಬ್ಬಳೇ. ಆ ನೀಲಿ ಮೈಲುತುತ್ತದ್ದಲ್ಲ, ದ್ರಾಕ್ಷಿ ಸಿಪ್ಪೆಯದು. ಆದರೆ ದ್ರಾಕ್ಷಿ ತಿಂದರೆ ಯಾರಿಗಾದರೂ ಏನಾದರೂ ಆಗುತ್ತದೆಯೇ? ನಾವೆಲ್ಲ ತಿನ್ನುತ್ತಿರಲಿಲ್ಲವೇ? ಇದು ಮುನೇಶ್ವರನ ಕೋಪವೇ ಸರಿ ಎಂದು ನಾನು ತೀರ್ಮಾನಿಸಿದೆ. ದೇವರಿಗಿಟ್ಟದ್ದನ್ನು ನಾಯಿಗೆ ಹಾಕಿದವಳು ನಾನು. ಹೇಳಿದರೆ ಮುಂದಿನ ಸರದಿ ನನ್ನದೇ.

ಮಾಮ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಹೋದರು.

ಪೇಟೆಗೆ ಹಣ್ಣು ಒಯ್ಯುವ ಲಾರಿ ಬಂದಿತ್ತು. ಅಪ್ಪ ದೊರೆಯನ್ನು ಗೋಣಿಚೀಲದಲ್ಲಿ ಸುತ್ತಿ ದ್ರಾಕ್ಷಿ ಬುಟ್ಟಿಗಳ ನಡುವೆ ಮಲಗಿಸಿದರು. ನಾನೂ ಹತ್ತಿದೆ. ಪೇಟೆಗೆ ಹಾಕಿಕೊಂಡು ಹೋಗಲು ನನಗಿದ್ದ ಒಳ್ಳೆಯ ಬಟ್ಟೆ ಸ್ಕೂಲ್ ಯೂನಿಫಾರ್ಮ್ ಒಂದೇ. ಹೆಬ್ಬಾಳದವರೆಗೂ ದೊರೆಯ ತಲೆ ನನ್ನ ನೀಲಿ ಸ್ಕರ್ಟಿನ ಮೇಲಿತ್ತು. ಸುತ್ತಲೂ ಅದೇ ದ್ರಾಕ್ಷಿಯ ಘಮ. ಲಾರಿ ಕುಲುಕಿದಾಗಲೆಲ್ಲ ಅವನು ಕಣ್ಣು ತೆರೆದು, ನಾನಿದ್ದೇನೆಂದು ನೋಡಿ ಮುಚ್ಚುತ್ತಿದ್ದ.

ಹೆಬ್ಬಾಳದ ದನದ ಆಸ್ಪತ್ರೆಯಲ್ಲಿ ಕನ್ನಡಕದ ಡಾಕ್ಟರ್ ಒಬ್ಬರಿದ್ದರು. "ಮೈಲುತುತ್ತ ಕುಡ್ದದೆ ಸ್ವಾಮಿ," ಎಂದರು ಅಪ್ಪ. ಡಾಕ್ಟರ್ ದೊರೆಯ ತುಟಿ ಎತ್ತಿ ನೋಡಿದರು, ಮೂಸಿದರು, ತಲೆಯಾಡಿಸಿದರು. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ನನ್ನ ಸ್ಕೂಲ್ ಬ್ಯಾಡ್ಜ್ ಕಂಡು ನನ್ನ ಕಡೆ ಬಾಗಿದರು.

"ಡಿಡ್ ಯೂ ಗಿವ್ ಹಿಮ್ ಎನಿಥಿಂಗ್ ಟು ಈಟ್, ಚೈಲ್ಡ್?"

ಸಿಸ್ಟರ್ ಕಲಿಸಿದಂತೆ ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದೆ: "ನೋ, ಡಾಕ್ಟರ್."

ಅಪ್ಪನ ಮುಖ ಅಷ್ಟು ಸಂಕಟದಲ್ಲೂ ಅರಳಿತು. ಮಗಳು ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದಳಲ್ಲ! ಮನೆಗೆ ಹೋದ ಮೇಲೆ ಅದನ್ನೇ ಎಲ್ಲರಿಗೂ ಹೇಳಿದರು. ಪೇಟೆಯಲ್ಲಿ ನಾನು ಆಡಿದ ಮೊದಲ ಇಂಗ್ಲಿಷ್ ಮಾತು ಒಂದು ಸುಳ್ಳು.

ಡಾಕ್ಟರ್ ಏನೋ ಇಂಜೆಕ್ಷನ್ ಕೊಟ್ಟರು. ದೊರೆ ನೀರು ಕುಡಿಯಲಿಲ್ಲ, ಮೂತ್ರವೂ ಹೋಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಚಪ್ಪರದ ಕಡೆ ಮುಖ ಮಾಡಿ ಮಲಗಿದ್ದವನು ಏಳಲಿಲ್ಲ. ಕೊನೆಯ ಕಲ್ಲುಕಂಬದ ಬುಡದಲ್ಲಿ ಅಪ್ಪ ಗುಂಡಿ ತೋಡಿದರು.

ಮಾಮ ಯಲಹಂಕದ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಸೇರಿದರಂತೆ. ಎಷ್ಟೋ ತಿಂಗಳಾದ ಮೇಲೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಉಗುರಿನ ನೀಲಿ ಹೋಗಿತ್ತು. "ಏನವ್ವಾ ಇಂಗ್ಲೀಷಮ್ಮ, ದೊರೆ ಎಂಗವ್ನೆ?" ಎಂದು ಕೇಳಿದರು. ಅವರಿಗೆ ಯಾರೂ ತಿಳಿಸಿರಲಿಲ್ಲ. ಬಸ್ಸು ಬಂತು, ನಾನು ಹತ್ತಿಬಿಟ್ಟೆ. ಸ್ಕೂಲಿನ ಚಾಪೆಲ್ಲಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಷನ್‌ಗೆ ಎಂದರೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು ಸಾಲು ನಿಲ್ಲುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಅಪ್ಪನಿಗೆ ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಇದ್ದೆ. ಅಪ್ಪನೂ ಹೋದರು.

ಈಗ ಆ ಚಪ್ಪರಗಳಿಲ್ಲ. ಏರ್‌ಪೋರ್ಟ್ ರೋಡಿನಲ್ಲಿ ಕಾರಿನ ಕಿಟಕಿ ಇಳಿಸಿದರೆ ಬರುವುದು ಹೊಗೆ ಮಾತ್ರ. ನಿಮ್ಮ ದ್ರಾಕ್ಷಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಬೀಜವಿಲ್ಲ, ಘಮವೂ ಇಲ್ಲ. ನಿಮ್ಮ ನಾಯಿಮರಿ ಬಿಸ್ಕೆಟ್ ಯಾವ ತೋಟವನ್ನೂ ಕಾಯಬೇಕಿಲ್ಲ. ಐದನೇ ಮಹಡಿಯಲ್ಲಿ ಕೂತು ಲಿಫ್ಟಿಗೆ ಬೊಗಳಿದರೆ ಸಾಕು. ಆದರೂ ಹೋದ ತಿಂಗಳ ಆ ಭಾನುವಾರ ನಿಮ್ಮಲ್ಲಿ ಚಿಕ್ಕವನು ಪಾಯಸದ ಬಟ್ಟಲು ಹಿಡಿದು ನನ್ನ ಹತ್ತಿರ ಬಂದು, "ಅಜ್ಜಿ, ಬಿಸ್ಕೆಟ್‌ಗೆ ದ್ರಾಕ್ಷಿ ಕೊಟ್ಟೆ. ತಪ್ಪಾ?" ಎಂದ. ನಿಮ್ಮಮ್ಮ ಫೋನಿನಲ್ಲಿ ಏನೋ ಓದಿ ಕಾರಿನ ಕೀ ಎತ್ತಿಕೊಂಡಳು. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಾಗ ಮರಿಯ ತಲೆ ನನ್ನ ಸೀರೆಯ ಮೇಲಿತ್ತು.

"ಏನು ತಿಂತು? ಯಾರು ಕೊಟ್ರಿ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಚಿಕ್ಕವನು ಅಳುತ್ತಲೇ ಮೂರು ಬೆರಳು ಎತ್ತಿದ. "ಒಣದ್ರಾಕ್ಷಿ. ಇಷ್ಟು. ನಾನೇ ಕೊಟ್ಟೆ." ಅವರು ತಕ್ಷಣ ಮರಿಗೆ ವಾಂತಿ ಮಾಡಿಸಿದರು. ಮೂರೂ ಹೊರಬಂದವು. ಆಮೇಲೆ ಆ ಪಟ್ಟಿ ಕೊಟ್ಟು, ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ ಎಂದರು.

ಮುನೇಶ್ವರ ಯಾರ ಮೇಲೂ ಕೋಪಿಸಿಕೊಂಡಿರಲಿಲ್ಲ ಎಂದು ನನಗೆ ತಿಳಿಯಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಂದಿನ ಡಾಕ್ಟರಿಗೂ ದ್ರಾಕ್ಷಿಯ ವಿಷಯ ಗೊತ್ತಿರಲಿಲ್ಲವೇನೋ. ನಾನು ನಿಜ ಹೇಳಿದ್ದರೂ ದೊರೆ ಉಳಿಯುತ್ತಿರಲಿಲ್ಲವೇನೋ. ಆದರೆ ಮಾಮನ ಕೆಲಸ ಉಳಿಯುತ್ತಿತ್ತು.

ಪಟ್ಟಿಯ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ ಎಂದು ಮೊನ್ನೆ ದೂರಿದಿರಲ್ಲ, ಅದು ನನ್ನದೇ ಅಕ್ಷರ. ಕೈ ನಡುಗುತ್ತದೆ, ಅದಕ್ಕೇ ನಿಮಗೆ ಓದಲಾಗಲಿಲ್ಲ. 'ಹಲಗೆ ಸರಿಸಿದ್ದು ಮಾಮ ಅಲ್ಲ, ನಾನು' ಎಂದಿದೆ ಅಲ್ಲಿ. ಅಳಿಸಬೇಡಿ.