ನೆರಳನ್ನು ಹಿಂದಿಕ್ಕಲು ಒಂದು ಕೂದಲೆಳೆ ತಂತಿ

2025ರ ಮಾರ್ಚ್ 10, ಸೋಮವಾರ. ಬೆಳಿಗ್ಗೆ 5 ಗಂಟೆ 40 ನಿಮಿಷ. ಮುದ್ರಣಾಲಯದ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಕಿಟಕಿ ಪಕ್ಕದ ಮೇಜಿನ ಮೇಲೆ ಬಾಗಿದ್ದಾರೆ. ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಸೋಲ್ಡರಿಂಗ್ ಐರನ್. ಭೂತಗನ್ನಡಿಯ ಕೆಳಗೆ ಬಿಸ್ಕತ್ತಿನಷ್ಟು ಅಗಲದ ಹಸಿರು ಹಲಗೆ. ಎರಡು ವಾರದ ಹಿಂದೆ ಅದು ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯ ಮದರ್‌ಬೋರ್ಡ್ ಆಗಿತ್ತು: ಹದಿನಾರು ಸೆಂಟಿಮೀಟರ್ ಉದ್ದ, ಹದಿಮೂರು ಅಗಲ. ಈಗ ಆರೂಕಾಲು ಸೆಂಟಿಮೀಟರ್ ಚೌಕ. ಉಳಿದದ್ದನ್ನು ಗರಗಸದಿಂದ ಕೊಯ್ದು ತೆಗೆದವರು ಇವರೇ. ಹಾಗೆ ಕೊಯ್ಯುವಾಗ ಒಂದು ತಪ್ಪು ಮಾಡಿದವರೂ ಇವರೇ. ಅದನ್ನು ಸರಿಪಡಿಸಲು ಇರುವುದು ಎಂಬತ್ತು ನಿಮಿಷ. ಏಳಕ್ಕೆ ಕೆಳಗಿನ ಯಂತ್ರ ಶುರುವಾದರೆ ಈ ಮೇಜು ಸಂಜೆಯವರೆಗೂ ನಡುಗುತ್ತದೆ.

ಒಳಕೋಣೆಯಿಂದ ಗಂಡನ ದನಿ ಬರುತ್ತದೆ. "ಏನೇ, ನನ್ನ ಬಸ್ಸು ಹೊರಡುತ್ತೋ ಇಲ್ವೋ?"

"ಇಂಜಿನ್ ಕೆಳಗಿಳಿಸಿದೀನಿ. ಸುಮ್ನೆ ಕೂತಿರಿ."

"ಕೂರೋಕಾಗಿದ್ರೆ ನಿನ್ನ ಕೈಲಿ ಇದನ್ನೆಲ್ಲ ಯಾಕೆ ಮಾಡಿಸ್ತಿದ್ದೆ?"

ಬೀದಿಯವರಿಗೆಲ್ಲ ಇವರು ಬೆಸುಗೆ ಅಕ್ಕ. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ತಂತಿ ಸುತ್ತಿದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮಾರುಕಟ್ಟೆಯ ಮೆಟ್ಟಿಲಡಿಯ ಗೂಡಿನಂಥ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ರೇಡಿಯೊ, ಮಿಕ್ಸಿ, ಟಿ.ವಿ. ರಿಪೇರಿ. ದಿನಕ್ಕೆ ಆರೇಳು ಸಾಮಾನು. ಆರಂಭದಲ್ಲಿ ಗಿರಾಕಿಗಳು ಬಂದು, ರಿಪೇರಿಯವರು ಎಲ್ಲಿ ಹೋಗಿದ್ದಾರೆ ಎಂದು ಇವರನ್ನೇ ಕೇಳುತ್ತಿದ್ದರಂತೆ. ಹತ್ತು ನಿಮಿಷ ಬಿಟ್ಟು ಬನ್ನಿ ಎಂದು ಕಳಿಸಿ, ಅವರು ಬರುವಷ್ಟರಲ್ಲಿ ರೇಡಿಯೊ ಹಾಡುವಂತೆ ಮಾಡಿಡುತ್ತಿದ್ದರು.

ಗಂಡ ಇಪ್ಪತ್ತೇಳು ವರ್ಷ ಸಿಟಿ ಬಸ್ ಓಡಿಸಿದವರು. ಎರಡು ವರ್ಷದ ಹಿಂದೆ ಅಟ್ಟದ ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಈಗ ಅಂಗಾತ ಮಲಗಿಯೇ ದಿನ ಕಳೆಯಬೇಕು. ಬೆರಳುಗಳಲ್ಲಿ ಬಲ ಕಡಿಮೆ. ಹಿಸುಕಿ ಅಭ್ಯಾಸ ಮಾಡಿ ಎಂದು ಫಿಸಿಯೋಥೆರಪಿಸ್ಟ್ ಕೊಟ್ಟ ರಬ್ಬರ್ ಚೆಂಡುಗಳು ಒಂದೊಂದಾಗಿ ಮಂಚದ ಕೆಳಗೆ ಸೇರಿದವು. ಮೂರನೆಯದನ್ನು ಹೆಕ್ಕುವಾಗ ಬೆಸುಗೆ ಅಕ್ಕ ನೇರವಾಗಿ ಕೇಳಿಬಿಟ್ಟರು, ನಿಮಗೆ ಬೇಕಾದ್ದಾದರೂ ಏನು ಎಂದು.

ಅವರಿಗೆ ಬೇಕಾಗಿದ್ದು ಒಂದು ಕಾರ್ ರೇಸ್. ಬಸ್ಸಿನ ಪಾಳಿ ಮುಗಿಸಿ ಮನೆಗೆ ಬಂದರೆ ಅವರು ಆಡುತ್ತಿದ್ದುದು ಅದನ್ನೇ. ಆ ಆಟದಲ್ಲಿ ಆಟಗಾರನ ಅತಿ ವೇಗದ ಸುತ್ತು ಪೆಟ್ಟಿಗೆಯ ನೆನಪಿನಲ್ಲಿ ಉಳಿಯುತ್ತದೆ. ಮುಂದೆ ಆಡುವಾಗಲೆಲ್ಲ ಅದು ಮಸುಕಾದ ನೆರಳುಕಾರಾಗಿ ಪಕ್ಕದಲ್ಲಿ ಓಡುತ್ತದೆ. ಬೀಳುವ ಹಿಂದಿನ ವಾರ ಅವರು ಒಂದು ಸುತ್ತನ್ನು 1 ನಿಮಿಷ 38.59 ಸೆಕೆಂಡಿನಲ್ಲಿ ಮುಗಿಸಿದ್ದರು. "ಬೇರೆ ಯಾರನ್ನೂ ಸೋಲಿಸೋದು ಬೇಡ ನಂಗೆ. ಅವತ್ತಿನ ನನ್ನನ್ನ ಒಂದ್ಸಲ ಹಿಂದೆ ಹಾಕ್ಬೇಕು."

ಕೈಯಲ್ಲಿ ಹಿಡಿದು ಆಡುವ ಹೊಸ ಯಂತ್ರವನ್ನೇ ಕೊಂಡರಾಯಿತು ಎಂದು ಅಳಿಯ ಹೇಳಿದ. ಆದರೆ ಆ ನೆರಳು ಇರುವುದು ಹಳೆಯ ಮದರ್‌ಬೋರ್ಡಿನ ಮೆಮೊರಿ ಚಿಪ್ಪಿನಲ್ಲಿ. ಅದಕ್ಕೆ ಬೀಗ, ಬೀಗದ ಕೈ ಇರುವುದು ಅದೇ ಬೋರ್ಡಿನ ಪ್ರೊಸೆಸರ್‌ನಲ್ಲಿ. ಎರಡೂ ಜೊತೆಗಿದ್ದರೆ ಮಾತ್ರ ನೆರಳು ಓಡುತ್ತದೆ. ಬೋರ್ಡ್ ಸತ್ತರೆ ಅದೂ ಹೋಯಿತು, ಮತ್ತೆ ತರುವ ದಾರಿಯಿಲ್ಲ. ಅತ್ತ ಫಿಸಿಯೋಥೆರಪಿಸ್ಟ್ ಹಾಕಿದ ಷರತ್ತು ಒಂದೇ: ಎದೆಯ ಮೇಲೆ ಎತ್ತಿ ಹಿಡಿಯುವ ವಸ್ತು ನಾನೂರು ಗ್ರಾಂ ದಾಟಬಾರದು. ಪೆಟ್ಟಿಗೆಯ ತೂಕ ಒಂದು ಕಿಲೋ ಇನ್ನೂರು ಗ್ರಾಂ.

ಹಾಗಾಗಿ ಕೊಯ್ಯಲೇಬೇಕಾಯಿತು. ಗುಜರಿಯಿಂದ ಅದೇ ಬಗೆಯ ಮೂರು ಸತ್ತ ಬೋರ್ಡುಗಳನ್ನು ತಂದು ಅಭ್ಯಾಸ ಮಾಡಿದರು. ಆಟವೂ ಮೆಮೊರಿ ಚಿಪ್ಪಿನಲ್ಲೇ ಇರುವುದರಿಂದ ಡಿಸ್ಕ್ ಓಡಿಸುವ ಭಾಗ ಬೇಡ, ಪುಟ್ಟ ಪರದೆ ಜೋಡಿಸಿ ಕೈಯಲ್ಲೇ ಹಿಡಿದು ಆಡುವುದರಿಂದ ಟಿ.ವಿ. ಜೋಡಣೆಯ ಬಾಯಿಗಳು ಬೇಡ. ಪ್ರೊಸೆಸರ್, ಮೆಮೊರಿ ಮತ್ತು ಅವುಗಳ ನಡುವಿನ ದಾರಿ ಉಳಿದರೆ ಸಾಕು. ಇಂಥ ಬೋರ್ಡು ಒಂದರ ಮೇಲೊಂದು ಪದರ ಅಂಟಿಸಿ ಮಾಡಿದ್ದು. ಕೊಯ್ದ ಅಂಚಿನಲ್ಲಿ ಪದರಗಳ ತಾಮ್ರ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ. ಅದಕ್ಕೇ ಅಂಚನ್ನು ನೀರಿನಲ್ಲಿಟ್ಟು ಮರಳುಕಾಗದದಿಂದ ಉಜ್ಜಿ, ಒಣಗಿಸಿ, ಮೀಟರಿನಿಂದ ಅಳೆಯುತ್ತಾರೆ. ಮೂರನ್ನೂ ಒಂದೇ ಕಾಗದದ ಅಚ್ಚು ಇಟ್ಟು ಕೊಯ್ದರು. ಮೂರರ ಅಳತೆಯೂ ಸರಿಬಂತು. ಫೆಬ್ರವರಿ ಕೊನೆಗೆ ಗಂಡನ ಬೋರ್ಡಿನ ಮೇಲೂ ಅದೇ ಅಚ್ಚು ಇಟ್ಟರು.

ಈ ಸಲವೂ ಶಾರ್ಟ್ ಆಗಲಿಲ್ಲ. ಆದರೆ ವಿದ್ಯುತ್ ಕೊಟ್ಟರೆ ಬೋರ್ಡ್ ಮಿಸುಕಲಿಲ್ಲ. ಎರಡು ದಿನ ತಡಕಾಡಿದ ಮೇಲೆ ಕಸದ ಬುಟ್ಟಿಯಿಂದ ಕೊಯ್ದ ತುಂಡುಗಳನ್ನು ಹೆಕ್ಕಿ ನೋಡಿದರು. ಒಂದು ಮೂಲೆಯಲ್ಲಿ ತಯಾರಿಕೆಯ ಸಂಖ್ಯೆ ಅಚ್ಚಾಗಿತ್ತು. ಈ ಬೋರ್ಡ್ ಆ ಮೂರಕ್ಕಿಂತ ನಂತರದ ಕಂತಿನದು. ಇಡೀ ಬೋರ್ಡಿಗೆ ತಾಳ ಕೊಡುವ ಸಂಕೇತದ ಗೆರೆ ಇದರ ಒಳಪದರದಲ್ಲಿ ಎರಡು ಮಿಲಿಮೀಟರ್ ಹೊರಕ್ಕೆ ಬಳಸಿ ಬಂದಿತ್ತು. ಗರಗಸ ಅದನ್ನೇ ಕತ್ತರಿಸಿತ್ತು.

"ಮೂರು ಸಲ ಸರಿಯಾಯ್ತಲ್ಲ ಅನ್ನೋ ಧೈರ್ಯ" ಎನ್ನುತ್ತಾರೆ. "ಅಂಗಡಿಗೆ ಬಂದೋರ ಮಿಕ್ಸಿ ಆದ್ರೆ ಮೊದ್ಲು ನಂಬರ್ ಓದ್ತೀನಿ. ಮನೆದು ಅಂತ ಓದ್ಲಿಲ್ಲ."

ಅಂದು ಅವರು ಗಂಡನಿಗೆ ಮುಚ್ಚಿಡಲಿಲ್ಲ. ಅದನ್ನು ಕೇಳಿದ ಅವರು, ತಾನೂ ಒಮ್ಮೆ ರೂಟ್ ಬದಲಾದ ಬೋರ್ಡು ಓದದೆ ಅರವತ್ತು ಜನರನ್ನು ಹಳೇ ನಿಲ್ದಾಣಕ್ಕೆ ಕರೆದೊಯ್ದಿದ್ದೆ ಎಂದರಂತೆ.

ಕತ್ತರಿಸಿದ ಗೆರೆಯ ಎರಡು ತುದಿಗಳು ಬೋರ್ಡಿನ ಮೇಲ್ಮೈಯಲ್ಲಿ ಸಾಸಿವೆಗಿಂತ ಸಣ್ಣ ಎರಡು ಚುಕ್ಕಿಗಳಾಗಿ ಕಾಣುತ್ತವೆ. ಅವನ್ನು ಜೋಡಿಸಬೇಕಾದ್ದು 0.1 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಿಂದ. ಐರನ್ ಒಂದು ಸೆಕೆಂಡ್ ಹೆಚ್ಚು ತಾಗಿದರೆ ಚುಕ್ಕಿಯೇ ಕಿತ್ತು ಬರುತ್ತದೆ. ಡಬ್ಬಿಯಲ್ಲಿದ್ದ ತಂತಿಗಳಲ್ಲಿ ಸರಿಯಾದದ್ದನ್ನು ಬೆಸುಗೆ ಅಕ್ಕ ನೋಡಿ ಆರಿಸುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ ಆರಿಸುತ್ತಾರೆ. ಕಾರ್ಖಾನೆಯ ಒಂಬತ್ತು ವರ್ಷ ಆ ಬೆರಳುಗಳಲ್ಲಿವೆ. ಉಸಿರು ಬಿಗಿಹಿಡಿದು ಮೊದಲ ತುದಿ ಅಂಟಿಸುತ್ತಾರೆ. ಆಮೇಲೆ ಎರಡನೆಯದು.

6 ಗಂಟೆ 52 ನಿಮಿಷಕ್ಕೆ ವಿದ್ಯುತ್ ಕೊಡುತ್ತಾರೆ. ಅಂಗೈಯಗಲದ ಪರದೆ ಕಪ್ಪಾಗಿಯೇ ಇರುತ್ತದೆ, ಬಳಿಕ ಬೆಳ್ಳಗಾಗುತ್ತದೆ. ಆಟ ತೆರೆದುಕೊಳ್ಳುತ್ತದೆ. ಓಟದ ಗೆರೆಯ ಹಿಂದೆ ಮಸುಕಾದ ಕಾರೊಂದು ಎರಡು ವರ್ಷದಿಂದ ನಿಂತೇ ಇದ್ದಂತೆ ನಿಂತಿದೆ. ಅವರು ಒಳಕೋಣೆಯತ್ತ ತಿರುಗಿ ಹೇಳಿದ್ದು ಇಷ್ಟೇ: "ನಿಮ್ಮೋರು ಬಂದಿದಾರೆ."

ಬ್ಯಾಟರಿ, ಫ್ಯಾನು, ಗುಂಡಿಗಳು, ಹೊರಕವಚ ಎಲ್ಲ ಸೇರಿ ಅಡುಗೆಮನೆಯ ತಕ್ಕಡಿ ತೋರಿಸಿದ್ದು 386 ಗ್ರಾಂ. ಮೊದಲ ದಿನ ಗಂಡನ ಸುತ್ತು 1 ನಿಮಿಷ 57 ಸೆಕೆಂಡ್. ಹೆಂಡತಿ ಆಟವನ್ನೇ ಕೆಡಿಸಿಟ್ಟಿದ್ದಾಳೆಂದು ಗೊಣಗಿದರು. ಆಮೇಲೆ ದಿನಕ್ಕೆ ನಲವತ್ತು ಸುತ್ತು. ಮಂಚದ ಕೆಳಗಿನ ಚೆಂಡುಗಳನ್ನು ಯಾರೂ ಹೆಕ್ಕಿಲ್ಲ. ಕೈಹಿಡಿತದ ಬಲ ಮಾತ್ರ ಮೂರು ವಾರದಲ್ಲಿ ಒಂಬತ್ತು ಕಿಲೋದಿಂದ ಹನ್ನೆರಡಕ್ಕೆ ಏರಿದೆ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ ಆರೂವರೆ. ಗಂಡ ಅಂಗಾತ ಮಲಗಿ ಓಡಿಸುತ್ತಿದ್ದಾರೆ. ಹೆಂಡತಿ ಮಂಚದ ಅಂಚಿನಲ್ಲಿ ಕೂತು ಯಂತ್ರದ ಬೆನ್ನಿಗೆ ಥರ್ಮಾಮೀಟರಿನ ತಂತಿ ಹಿಡಿದಿದ್ದಾರೆ. ಎದೆಯ ಮೇಲಿಡುವ ವಸ್ತು ಹೆಚ್ಚು ಬಿಸಿಯಾಗಬಾರದು. ದಿನವೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಕೊನೆಯ ತಿರುವಿನಲ್ಲಿ ನೆರಳು ಪಕ್ಕದಲ್ಲಿದೆ. ಗೆರೆ ದಾಟುವಾಗ ಇಲ್ಲ.

"ನೋಡಿದ್ಯಾ?"

"ನೋಡ್ದೆ" ಎನ್ನುತ್ತಾರೆ ಅವರು, ಥರ್ಮಾಮೀಟರಿನಿಂದ ಕಣ್ಣೆತ್ತದೆ. "ನಲವತ್ತೊಂದು ಡಿಗ್ರಿ. ಫ್ಯಾನ್ ಚೆನ್ನಾಗಿ ಕೆಲಸ ಮಾಡ್ತಿದೆ." ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

"ನಂದೂ ಬರ್ಕೊಳ್ಳೇ."

ಆಗ ಕಣ್ಣೆತ್ತಿ ಪರದೆ ನೋಡುತ್ತಾರೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡುತ್ತಾರೆ. ನಂಬರ್ ಓದದೆ ಏನನ್ನೂ ಮಾಡುವುದಿಲ್ಲ ಈಗ. ಉಷ್ಣತೆಯ ಕೆಳಗಿನ ಸಾಲಿನಲ್ಲಿ, ಅದೇ ಪೆನ್ನಿನಲ್ಲಿ, ಅದೇ ಅಕ್ಷರದಲ್ಲಿ ಬರೆಯುತ್ತಾರೆ: 1 ನಿಮಿಷ 38.42 ಸೆಕೆಂಡ್.