ಒಂದೇ ಹೆಸರಿನ ಲೇಯರ್

ದಾನೇಶ್ವರಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದರೆ ನಾಲ್ಕಲ್ಲ, ನಲವತ್ತು ಹೇಳಬಲ್ಲೆ. ಹೇಳುವಾಗ ಹೊಟ್ಟೆ ಉರಿಯುತ್ತದೆ, ಅಷ್ಟೆ. ಅವಳು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಶಹಾಪುರದ ಬಸ್ ಸ್ಟ್ಯಾಂಡ್ ಎದುರು ಮನೆಗಳ ನಕ್ಷೆ ತೆಗೆದುಕೊಡುವ ಸಣ್ಣ ಆಫೀಸು ನಮ್ಮದು. ಅಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದವಳು ಮೊದಲು ನಾನೊಬ್ಬಳೇ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವ ಕ್ಯಾಡ್ ಕಲಿಸಿದ್ದು ನನ್ನ ಗಂಡ. ಕೈ ತಿದ್ದಿಕೊಂಡದ್ದು ನಾನೇ. ಆಮೇಲೆ ಇವಳು ಬಂದಳು.

ಸುರಪುರದ ಹುಡುಗಿ. ಅಪ್ಪ ಅಲ್ಲಿ ಶಾಲೆ ಮಾಸ್ತರ. ಸಿವಿಲ್ ಡಿಪ್ಲೊಮಾ ಮುಗಿಸಿ, ಯಾದಗಿರಿಯಲ್ಲಿ ಒಬ್ಬ ಎಂಜಿನಿಯರರ ಕೈಕೆಳಗೆ ಕೆಲಸ ಮಾಡಿ, ಆಮೇಲೆ ಲಗ್ನವಾಗಿ ನಮ್ಮನೆಗೆ ಬಂದವಳು. ಎಡಗೈ ಕೀಬೋರ್ಡಿನ ಮೇಲೆ ತಾನಾಗಿಯೇ ಓಡುತ್ತದೆ, ಬಲಗೈ ಗೆರೆ ಎಳೆಯುತ್ತದೆ, ಬಾಯಿ ಮಾತ್ರ ಗಿರಾಕಿಯ ಮನೆಯ ಎಮ್ಮೆ ಈದದ್ದನ್ನು ವಿಚಾರಿಸುತ್ತಿರುತ್ತದೆ. ನನಗೆ ಗೆರೆ ಎಳೆಯುವಾಗ ಉಸಿರಾಡುವುದೂ ಕಷ್ಟ. ಹೋಗಲಿ, ಅದಾದರೂ ಓದಿದ ಕೆಲಸ. ಹಾಳಾದವಳು ರೊಟ್ಟಿಯನ್ನೂ ನನಗಿಂತ ತೆಳ್ಳಗೆ ಬಡಿಯುತ್ತಾಳೆ.

ಈಗ ಬಾಗಿಲಿಗೆ ಬಂದವರೆಲ್ಲ ಕೇಳುವುದು ಒಂದೇ.

"ಸಣ್ಣಾಕಿ ಅದಾಳೇನ್ರಿ?"

ದೊಡ್ಡಾಕಿ ಇಲ್ಲೇ ಕಂಬದಂಗ ಕುಂತೀನಿ, ಕಾಣಂಗಿಲ್ಲೇನ್ರಿ ಎಂದು ಕೇಳಬೇಕೆನಿಸುತ್ತದೆ. "ಅದಾಳ್ರಿ, ಬರ್ರಿ" ಎಂದು ಕುರ್ಚಿ ಎಳೆದುಕೊಡುತ್ತೇನೆ.

ಇನ್ನೊಂದು ಸಂಗತಿ ಇಲ್ಲಿಯೇ ಹೇಳಿಬಿಡಬೇಕು. ಅವಳ ತವರಿನ ಹೆಸರು ಶಾಂಭವಿ. ನನ್ನ ಹೆಸರೂ ಶಾಂಭವಿ. ಲಗ್ನ ಗೊತ್ತಾದಾಗ ನಮ್ಮತ್ತೆ ಭೀಮಾಬಾಯಿ, "ಒಂದು ಮನ್ಯಾಗ ಇಬ್ಬರು ಶಾಂಭವಿ ಇದ್ರ, ಕರದಾಗ ಯಾರು ಓ ಅನಬೇಕು? ಬರೋ ಹುಡುಗಿ ಹೆಸರು ಬದಲಿ ಮಾಡಿದ್ರಾತು" ಎಂದರು. ದಾನೇಶ್ವರಿ ಎಂದು ಇಟ್ಟೇಬಿಟ್ಟರು. ಅವಳನ್ನು ಯಾರೂ ಕೇಳಲಿಲ್ಲ. ಆಗ ಬರೀ ಗಮ್ಮತ್ತೆನಿಸಿತ್ತು. ಅವಳ ಕೆಲಸ ನೋಡಿದ ಮೇಲೆ ಮಾತ್ರ, ಹೆಸರಾದರೂ ನನಗೇ ಉಳಿಯಿತಲ್ಲ ಎಂದು ಸಮಾಧಾನಪಟ್ಟೆ.

ಹೋದ ವರ್ಷ ಹತ್ತಿ ವ್ಯಾಪಾರದ ಮಲ್ಲಣ್ಣ ಸಾವಕಾರರು ಬಜಾರಿನಲ್ಲಿ ಕಟ್ಟಡ ಎಬ್ಬಿಸಲು ಹೊರಟರು. ಕೆಳಗೆ ಅಂಗಡಿಗಳು, ಮೇಲೆ ಮನೆ. ಕೆಳಗಿನದನ್ನು ನಾನು ತೆಗೆದೆ, ಮೇಲಿನದನ್ನು ಅವಳು.

"ಎರಡೂ ಕೂಡಿಸಿ ಒಂದ ನಕ್ಷಾ ಮಾಡ್ರಿ ತಂಗಿ," ಎಂದರು ಸಾವಕಾರರು. "ದೊಡ್ಡ ಬೋರ್ಡ್ ಮಾಡಿಸಿ ಜಾಗಾದಾಗ ನಿಲ್ಲಸ್ತೀನಿ. ತಗದವರ ಹೆಸರೂ ಇರ್ಲಿ. ಆದ್ರ ಒಂದ ಹೆಸರು. ಬೋರ್ಡ್ ಮ್ಯಾಲ ಸಂತಿ ಬ್ಯಾಡ."

ಒಂದೇ ಹೆಸರು! ಇಡೀ ಶಹಾಪುರ ಓದುವ ಬೋರ್ಡು. ಅದು ನನ್ನದೇ ಆಗಬೇಕು ಎಂದು ಹಟ ಹಿಡಿಯಿತು ಮನಸ್ಸು.

ಕ್ಯಾಡ್ ನಕ್ಷೆ ಎಂದರೆ ಒಂದರ ಮೇಲೊಂದು ಇಟ್ಟ ತೆಳು ಗಾಜಿನ ಹಾಳೆಗಳಿದ್ದಂತೆ. ಗೋಡೆಗೊಂದು, ಬಾಗಿಲಿಗೊಂದು, ಕರೆಂಟಿನ ವೈರಿಗೊಂದು. ಅವೇ ಲೇಯರುಗಳು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಬಣ್ಣ. ನಮ್ಮ ಆಫೀಸಿನ ಹೆಸರುಗಳೆಲ್ಲ ನಾನಿಟ್ಟವು: ಗ್ವಾಡಿ, ಬಾಗಲ, ವೈರು. ಅವಳು ಬಂದ ದಿನವೇ, "ಇಲ್ಲಿ ಇವ ಹೆಸರು ನಡೀತಾವ" ಎಂದು ಹೇಳಿದ್ದೆ. ಹೆಸರು ಒಪ್ಪಿಕೊಂಡಳು, ಬಣ್ಣ ಮಾತ್ರ ಅವಳದೇ. ನನ್ನ ಗ್ವಾಡಿ ಹಳದಿ, ಅವಳದು ಗಿಳಿಹಸಿರು. ಯಾರ ನಕ್ಷೆ ಯಾವುದೆಂದು ದೂರದಿಂದಲೇ ಗೊತ್ತಾಗುತ್ತಿತ್ತು.

ಮರುದಿನ ಅವಳು ಬರುವ ಮೊದಲೇ ಹೋಗಿ ಕೂತೆ. ಎರಡೂ ನಕ್ಷೆ ತೆರೆದು, ಅವಳ ಮೇಲಿನ ಮನೆಯನ್ನು ಪೂರ್ತಿ ಕಾಪಿ ಮಾಡಿ ನನ್ನ ನಕ್ಷೆಯಲ್ಲಿ ಪೇಸ್ಟ್ ಮಾಡಿದೆ. ಗಿಳಿಹಸಿರು ಮಾಯ! ಎಲ್ಲ ಹಳದಿ. ಇಲ್ಲಿ ಗ್ವಾಡಿ ಎಂಬ ಲೇಯರ್ ಮೊದಲೇ ಇದ್ದರೆ, ಹೊರಗಿನಿಂದ ಬಂದ ಗ್ವಾಡಿ ತನ್ನ ಬಣ್ಣ ಬಿಟ್ಟು ಇಲ್ಲಿಯದನ್ನೇ ಹೊದ್ದುಕೊಳ್ಳುತ್ತದೆ. ನನಗದು ಗೊತ್ತಿತ್ತು. ನನ್ನದನ್ನು ಅವಳ ನಕ್ಷೆಗೆ ಒಯ್ಯದೆ ಅವಳದನ್ನು ನನ್ನದಕ್ಕೆ ತಂದದ್ದು ಅದಕ್ಕೇ. ಈಗ ನೋಡಿದವರು ಪೂರ್ತಿ ನನ್ನ ಕೈಯದೇ ಅನ್ನಬೇಕು. ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳು ಊಟದ ಡಬ್ಬಿ ಹಿಡಿದು ಬಂದವಳು ನನ್ನ ಬೆನ್ನ ಹಿಂದೆ ನಿಂತು ನೋಡಿದಳು. ಜಗಳವಾಡಲಿ ಎಂದು ಕಾದೆ, ಉತ್ತರಗಳು ನಾಲಿಗೆಯ ಮೇಲೇ ಇದ್ದವು. ಅವಳು ನಕ್ಕಳು.

"ಅಕ್ಕಾ, ಹೆಸರು ಒಂದ ಇದ್ರ ಬಂದಾಕಿ ಬಣ್ಣ ಹೋಗ್ತದ ನೋಡ್ರಿ. ಮನ್ಯಾಗ ಇದ್ದಾಕಿದ ಉಳೀತದ."

"ಲೇಯರ್ ಸುದ್ದಿ ಹೇಳಾಕತ್ತೀಯೇನು?"

"ಮತ್ತ್ಯಾರ ಸುದ್ದಿರಿ ಅಕ್ಕಾ?"

ಮಾತು ತಪ್ಪಿಸಲು, "ಹೆಸರಿನ ಜಾಗಾದಾಗ ಏನ್ ಹಾಕ್ಲಿ?" ಎಂದು ಗಡುಸಾಗಿ ಕೇಳಿದೆ.

"ಶಾಂಭವಿ ಅಂತ ಹಾಕ್ರಿ."

ಇಷ್ಟು ಸಲೀಸಾಗಿ ಬಿಟ್ಟುಕೊಟ್ಟಳೇ? ಮನಸ್ಸು ಬದಲಾಯಿಸಿಯಾಳೆಂದು ಗಡಿಬಿಡಿಯಲ್ಲಿ ಟೈಪ್ ಮಾಡಿ ಸೇವ್ ಒತ್ತಿದೆ.

"ನನ್ನ ಡಿಪ್ಲೊಮಾ ಸರ್ಟಿಫಿಕೇಟಿನ್ಯಾಗೂ ಅದೇ ಹೆಸರು ಅದರಿ," ಎಂದು ಅವಳು ತನ್ನ ಕುರ್ಚಿಗೆ ಹೋದಳು.

ಬೋರ್ಡು ಎದ್ದಿತು. 'ನಕ್ಷೆ: ಶಾಂಭವಿ.' ನಮ್ಮ ಓಣಿಯ ಲಾಲಮ್ಮ ನಡುಬಜಾರಿನಲ್ಲಿ ನನ್ನ ಕೈ ಹಿಡಿದಳು.

"ಏನ್ ಚಂದ ತಗದೀಯವ್ವಾ ಶಾಂಭವಿ! ಮ್ಯಾಲಿನ ಮನ್ಯಾಗ ಅಡಿಗಿ ಖೋಲಿಗಿ ಎರಡೂ ಕಡಿ ಗಾಳಿ ಬಿಟ್ಟೀದಿ!"

"ಕೆಳಗಿನ ಅಂಗಡಿ ನೋಡಿದೇನು?" ಎಂದೆ.

"ಅಂಗಡ್ಯಾಗ ನೋಡೂದೇನದ? ಗ್ವಾಡಿ, ಶಟರ್."

ಹೊಗಳಿದವರೆಲ್ಲ ಮೇಲಿನ ಮನೆಯನ್ನೇ ಹೊಗಳಿದರು, ಅದೂ ನನ್ನ ಮುಖಕ್ಕೆ. ಹೌದೆಂದರೆ ಸುಳ್ಳು. ಅಲ್ಲವೆನ್ನಲು ಬಾಯಿ ಬಾರದು. ನಗುತ್ತಾ ನಿಲ್ಲುತ್ತಿದ್ದೆ, ಒಳಗೆ ಬೆಂಕಿ.

ಒಂದು ದಿನ ಇಬ್ಬರೂ ಕಾಯಿಪಲ್ಲೆಗೆ ಹೊರಟಾಗ ಅವಳು ಆ ಬೋರ್ಡಿನ ಮುಂದೆ ನಿಂತುಬಿಟ್ಟಳು. ನನ್ನ ಕೈಗೆ ಫೋನು ಕೊಟ್ಟಳು.

"ಅಕ್ಕಾ, ನನ್ನ ಹೆಸರಿನ ಸಂಗಡ ನಂದೊಂದು ಫೋಟೋ ಹೊಡೀರಿ. ಅಪ್ಪಗ ಕಳಸ್ತೀನಿ."

ಸೆರಗು ಸರಿಮಾಡಿಕೊಂಡು ಶಾಂಭವಿ ಎಂಬ ಅಕ್ಷರಗಳ ಕೆಳಗೆ ನೆಟ್ಟಗೆ ನಿಂತಳು. ಇಷ್ಟು ದಿನ ಅವಳ ಕೈ ನೋಡಿ, ಅವಳ ಗಿರಾಕಿಗಳನ್ನು ನೋಡಿ, ಅವಳ ರೊಟ್ಟಿ ನೋಡಿ ಉರಿದುಕೊಂಡವಳು ನಾನು. ಅವತ್ತು ನನ್ನ ಹೆಸರನ್ನೇ ನೋಡಿ ಹೊಟ್ಟೆ ಉರಿಯಿತು.

"ಬಂತೇನ್ರಿ ಅಕ್ಕಾ?"

"ಬಂತು," ಎಂದೆ. "ಹೆಸರು ಭಾಳ ಚಂದ ಬಂದದ."